ಕೀಲಿಕೈ ಕಳಕೊಂಡ ಗಿರಾಕಿ

ನಮ್ಮೂರಿನ ಗಡಿಯ ನಾಕಾ ದಾಟುವಾಗ ಬಸ್ಸಿನೊಳಗೆ ಒಂದು ಸದ್ದು ಕೇಳುತ್ತದೆ. ಟಕ್, ಟಕ್, ಟಟಕ್. ಸೀಟಿನ ಕೆಳಗಿನ ಟ್ರಂಕುಗಳು, ಮೇಲಿಟ್ಟ ಸೂಟ್‌ಕೇಸುಗಳು ತಾವಾಗಿಯೇ ಬಾಯಿ ಬಿಡುವ ಸದ್ದು ಅದು. ರೂಢಿಯಿದ್ದವರು ಮೊದಲೇ ಹಗ್ಗ ಬಿಗಿದಿರುತ್ತಾರೆ. ಹೊಸಬರು ಮಾತ್ರ ಎದ್ದುಬಿದ್ದು ಬೇರೆಯವರ ಕಾಲ ಸಂದಿಯಲ್ಲಿ ತಮ್ಮ ಬನಿಯನ್ನುಗಳನ್ನು ಹುಡುಕುತ್ತಾರೆ. ಊರು ಬಂತೆಂದು ಕಂಡಕ್ಟರು ಕೂಗುವ ಅಗತ್ಯವೇ ಬೀಳುವುದಿಲ್ಲ.

ನಮ್ಮಲ್ಲಿ ಕೀಲಿಕೈಯಿಂದ ಮುಚ್ಚಿದ ಯಾವುದೂ ಮುಚ್ಚಿಕೊಂಡು ನಿಲ್ಲುವುದಿಲ್ಲ. ಬೀಗ ಹಾಕಿ, ಜಗ್ಗಿ ನೋಡಿ, ಗಟ್ಟಿಯಾಗಿಯೇ ಇರುತ್ತದೆ. ನೀವು ಬೆನ್ನು ತಿರುಗಿಸಿದ್ದೇ ತಡ, ಟಕ್. ಚಿಲಕಕ್ಕೆ ಈ ತೊಂದರೆಯಿಲ್ಲ, ಹಗ್ಗಕ್ಕೂ ಇಲ್ಲ. ಆದ್ದರಿಂದ ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತೇವೆ. ಹಗಲು ಮನೆಮಂದಿಯೆಲ್ಲ ಹೊರಗೆ ಹೊರಟರೆ ಮನೆ ಕಾಯಲು ಕಟ್ಟೆಯ ಮೇಲೆ ಕೂರುವವಳೊಬ್ಬಳನ್ನು ಕೂರಿಸಿ ಹೋಗುತ್ತೇವೆ. ಬಂಗಾರವನ್ನು ಯಾರೂ ತಮ್ಮ ಮನೆಯಲ್ಲಿಟ್ಟುಕೊಳ್ಳುವುದಿಲ್ಲ. ನಮ್ಮದು ಇನ್ನೊಬ್ಬರ ಹಿಟ್ಟಿನ ಡಬ್ಬಿಯಲ್ಲಿ, ಇನ್ನೊಬ್ಬರದು ನಮ್ಮ ಹಿಟ್ಟಿನ ಡಬ್ಬಿಯಲ್ಲಿ. ಠಾಣೆಯ ಲಾಕಪ್ಪಿನಲ್ಲಿ ಕೂತವನು ಮರ್ಯಾದೆಗೆ ಅಂಜಿ ಕೂತಿರುತ್ತಾನೆ, ಊಟದ ಹೊತ್ತಿಗೆ ಮನೆಗೆ ಹೋಗಿ ಬರುತ್ತಾನೆ. ಮೊಬೈಲಿನ ಪಾಸ್‌ವರ್ಡೂ ನಿಲ್ಲುವುದಿಲ್ಲವಾದ್ದರಿಂದ ನಮ್ಮೂರ ಗಂಡಸರು ಮೆಸೇಜು ಬರೆಯುವಾಗ ಬಹಳ ಸಭ್ಯರು.

ಇನ್ನೊಂದು ನಡತೆಯೂ ಇದೆ. ಯಾರ ಮನೆಗೇ ಆಗಲಿ ಹೋದರೆ ಹೊಸ್ತಿಲ ಹೊರಗೆ ನಿಂತು ನಮ್ಮ ಹೆಸರು ಹೇಳಬೇಕು, ಬಂದ ಕೆಲಸ ಹೇಳಬೇಕು, ಒಳಗಿನಿಂದ ಹೂಂ ಅಂದ ಮೇಲಷ್ಟೇ ಕಾಲಿಡಬೇಕು. ಇದು ನಮಗೆ ಎಷ್ಟು ಮೈಗಂಟಿದೆಯೆಂದರೆ, ಒಮ್ಮೆ ಕೆಳಗಿನ ಓಣಿಯ ಭರಮ್ಯಾ ಕಳ್ಳತನಕ್ಕೆ ಹೋದವನೂ ಬಾಗಿಲಲ್ಲಿ ನಿಂತು, "ನಾ ಭರಮ್ಯಾ ರೀ, ನಿಮ್ಮ ತಾಮ್ರದ ಹಂಡೆ ಒಯ್ಯಾಕ ಬಂದೇನಿ" ಎಂದನಂತೆ. ಕಟ್ಟೆಯ ಮೇಲಿದ್ದವಳು, "ಯಜಮಾನ್ರಿಲ್ಲಪಾ, ಸಂಜೀಕ ಬಾ" ಎಂದಳಂತೆ. ಅವನು ಸಂಜೆಗೂ ಹೋಗಿ ಕೇಳಿ ಬೈಸಿಕೊಂಡು ಬಂದ.

ಇಂಥ ಊರಿನಲ್ಲಿ ನಮ್ಮದು ಬೀಗದ ಅಂಗಡಿ. ನಗಬೇಡಿ. ಅಜ್ಜ ಪರ ಊರಿನಿಂದ ಬೀಗದ ಮೂಟೆ ಹೊತ್ತು ಬಂದು, ಜಾಗ ಹಿಡಿದು, ಬೋರ್ಡು ಬರೆಸಿದ ಮೇಲೆ ಅವನಿಗೆ ವಿಷಯ ಗೊತ್ತಾಯಿತು. ಸೋತೆನೆಂದು ಒಪ್ಪಿಕೊಳ್ಳುವ ಸ್ವಭಾವ ನಮ್ಮ ಮನೆತನದಲ್ಲಿಲ್ಲ. ವ್ಯಾಪಾರವೇನೂ ಬಿದ್ದುಹೋಗಲಿಲ್ಲ ಅನ್ನಿ. ಬೀಗವಿಲ್ಲದ ಬಾಗಿಲು ಗುಂಡಿಯಿಲ್ಲದ ಅಂಗಿಯ ಹಾಗೆ ಕಾಣುತ್ತದೆಂದು ಜನ ಅಂದಕ್ಕೆ ಕೊಳ್ಳುತ್ತಾರೆ. ಗೃಹಪ್ರವೇಶಕ್ಕೆ ಉಡುಗೊರೆ ಕೊಡುತ್ತಾರೆ. ಕೀಲಿಕೈಯನ್ನು ಮಾತ್ರ ಯಾರೂ ಒಯ್ಯುವುದಿಲ್ಲ. ಒಯ್ದರೂ ಕೂಸಿನ ಕೈಗೆ ಆಟಕ್ಕೆ ಕೊಡುತ್ತಾರೆ, ಇಲ್ಲವೆ ಬೆನ್ನು ತುರಿಸಿಕೊಳ್ಳುತ್ತಾರೆ. ಅಂಗಡಿಯ ಮೂಲೆಯಲ್ಲಿ ಹೀಗೆ ಬಿಟ್ಟುಹೋದ ಕೀಲಿಕೈಗಳ ದೊಡ್ಡ ಗುಡ್ಡೆಯೇ ಇದೆ.

ನನ್ನ ಅಪ್ಪ ಮುರಿಗೆಪ್ಪನಿಗೆ ಒಂದೇ ಒಂದು ಕೊರಗು. ಹೊರಗಿನ ಊರುಗಳ ಬೀಗದ ಅಂಗಡಿಗೆ ಜನ ಬೆವರಿಳಿಸಿಕೊಂಡು ಓಡಿ ಬರುತ್ತಾರೆ, ಕೀಲಿಕೈ ಕಳಕೊಂಡೇನ್ರಿ, ಬಾಗಿಲು ತೆಗೆದುಕೊಡ್ರಿ ಅಂತ ಕೈಮುಗಿಯುತ್ತಾರೆ ಎಂದು ಅಜ್ಜ ಹೇಳುತ್ತಿದ್ದನಂತೆ. ಅಂಥ ಗಿರಾಕಿ ಬಂದರೆ ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು, ತಂತಿಯನ್ನು ಹೇಗೆ ಹಿಡಿಯಬೇಕು ಎಂದೆಲ್ಲ ಅಪ್ಪನಿಗೆ ಹುಡುಗನಿದ್ದಾಗಲೇ ಕಲಿಸಿಟ್ಟಿದ್ದ. ಅಪ್ಪನ ಮೀಸೆ ಪೂರ್ತಿ ಬೆಳ್ಳಗಾಯಿತು, ಒಬ್ಬ ಗಿರಾಕಿ ಬರಲಿಲ್ಲ. ಆದರೂ ದಿನಾ ಬೆಳಗ್ಗೆ ಆ ತಂತಿಗಳ ಗೊಂಚಲಿಗೆ ಕೊಬ್ಬರಿ ಎಣ್ಣೆ ಒರೆಸಿ ಮೊಳೆಗೆ ತೂಗುಹಾಕುತ್ತಾನೆ. ಹೋದ ವರ್ಷ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದಾಗ ನಾವೆಲ್ಲ ಸುತ್ತ ನಿಂತು ಅಳುತ್ತಿದ್ದೆವು. ಅಪ್ಪ ಕಣ್ಣು ತೆರೆದು ನನ್ನನ್ನು ಹತ್ತಿರ ಕರೆದು, "ಕಲ್ಯಾ, ಒಬ್ಬರ ಬರಲಿಲ್ಲಲ್ಲೋ" ಎಂದ. ಪಕ್ಕದ ಊರಿನಲ್ಲಿ ಒಂದು ಅಂಗಡಿ ಹಾಕೋಣವೆಂದರೆ, "ಅಲ್ಲಿ ಬೀಗ ಯಾರರ ತೆಗೀತಾರ. ನನ್ನ ಅಂಗಡಿ ಪಾವಟಿಗಿಗೆ ಬರಬೇಕು" ಎಂದು ಮೆಟ್ಟಿಲು ತೋರಿಸುತ್ತಾನೆ. ಹಟಮಾರಿ. ನಾನು ಯಾರನ್ನು ಹೋಲುತ್ತೇನೆಂದು ಊರವರು ಕೇಳುವುದೇ ಇಲ್ಲ.

ನಾನು ಕಂಪ್ಯೂಟರ್ ಸೆಕ್ಯುರಿಟಿ ಕಲಿತವನು. ಪಕ್ಕದ ಊರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಕಲಿತೆ. ಆಮೇಲೆ ತರಬೇತಿ ಮಂಡಳಿಯವರು ಒಂದು ದಿನ, ಬೀಗವೇ ನಿಲ್ಲದ ಊರಿಗೆ ಸೆಕ್ಯುರಿಟಿ ತರಗತಿ ಎಲ್ಲಕ್ಕಿಂತ ಮೊದಲು ಬೇಕೆಂದು ಯೋಚಿಸಿ, ನನ್ನನ್ನೇ ಮಾಸ್ತರನನ್ನಾಗಿ ಮಾಡಿದರು. ಅಂಗಡಿಯ ಹಿಂದಿನ ಖೋಲಿಯಲ್ಲಿ ತರಗತಿ. ವಿದ್ಯಾರ್ಥಿಗಳು ಮೂವರು. ಕೇಬಲ್ ಟಿವಿಯ ವಯರು ಎಳೆಯುವ ಗುರುಸಿದ್ದ. ರವಿಕೆ ಹೊಲಿಯುವ ದಾವಲಬಿ, ನಲವತ್ತರ ಹೆಂಗಸು, ಬಿಟ್ಟ ಹೊಲಿಗೆ ಎಲ್ಲಿದೆಯೆಂದು ದೂರದಿಂದಲೇ ಹೇಳುವವಳು. ಮೂರನೆಯವಳು ನೀಲವ್ವ, ಊರಿನ ಹೆಸರುವಾಸಿ ಕೂರುವವಳು. ಅವಳ ಮಂಡಿ ಎರಡೂ ಕೆಟ್ಟು ಕಲ್ಲುಕಟ್ಟೆಯ ಮೇಲೆ ಕೂರಲು ಆಗುತ್ತಿರಲಿಲ್ಲ. ಮಂಡಳಿಯ ಸರ್ಟಿಫಿಕೇಟು ಸಿಕ್ಕರೆ ಮನೆಯಲ್ಲೇ ಖುರ್ಚಿಯ ಮೇಲೆ ಕೂತು ಕಂಪ್ಯೂಟರು ಕಾಯುವ ಕೆಲಸ ಸಿಗುತ್ತದೆಂದು ಕೇಳಿ ಬಂದಿದ್ದಳು. "ಕಾಯೂದು ಕಾಯೂದ ಅಲ್ಲೇನ್ರಿ ಸರ? ಮೆತ್ತಗಿನ ಜಾಗ ಇದ್ರ ಸಾಕು" ಎಂದಳು.

ಅಭ್ಯಾಸಕ್ಕೆ ಕ್ಲೌಡ್‌ನಲ್ಲಿ, ಅಂದರೆ ಒಂದು ಕಂಪನಿಯ ಬಾಡಿಗೆ ಯಂತ್ರಗಳಲ್ಲಿ, ಒಂದು ಕ್ಲಸ್ಟರ್ ಕಟ್ಟಬೇಕಿತ್ತು. ಮೂವರಿಗೂ ಹೀಗೆ ಹೇಳಿದೆ: ಇದೊಂದು ಚಾಳು, ಸಾಲು ಖೋಲಿಗಳ ಕಟ್ಟಡ, ಅಂತ ತಿಳಿಯಿರಿ. ಬಹಳ ದೂರದ ಊರಿನಲ್ಲಿದೆ. ಕಂಟೇನರ್ ಅಂದರೆ ಅದರಲ್ಲಿಟ್ಟ ಡಬ್ಬಿ, ಒಂದೊಂದು ಡಬ್ಬಿಗೂ ಒಂದೊಂದು ಕೆಲಸ. ಚಾಳಿನ ಗೋಡೆ, ಮಾಡು, ನೀರು, ದೀಪ ಎಲ್ಲ ಕಂಪನಿಯವರು ನೋಡಿಕೊಳ್ಳುತ್ತಾರೆ. ಒಳಗಿನ ಡಬ್ಬಿಗಳು, ಅವುಗಳ ಮುಚ್ಚಳ, ಚಾಳಿನ ಕೀಲಿಕೈ ನಮ್ಮ ಜವಾಬ್ದಾರಿ. ನಾವು ಬೇಕೆಂದೇ ಅಲ್ಲಲ್ಲಿ ಸಂದು ಬಿಡುತ್ತೇವೆ. ನೀವು ಆ ಸಂದಿನಲ್ಲಿ ಒಳಗೆ ನುಗ್ಗುವುದನ್ನು ಕಲಿಯಬೇಕು, ಆಮೇಲೆ ಅದನ್ನು ಮುಚ್ಚುವುದನ್ನು ಕಲಿಯಬೇಕು.

ಕ್ಲಸ್ಟರ್ ಕಟ್ಟುವಾಗ ನನಗೆ ಒಳಗೊಳಗೇ ಬೇರೆಯದೇ ಹಿಗ್ಗು. ಯಂತ್ರಗಳು ಇರುವುದು ನಾಕಾದಿಂದ ಎಷ್ಟೋ ಆಚೆಯ ಊರಿನಲ್ಲಿ. ಅಲ್ಲಿಯ ಬೀಗಕ್ಕೆ ನಮ್ಮೂರಿನ ರೋಗ ತಗಲುವುದಿಲ್ಲ. ಅಂದರೆ ನಮ್ಮ ಅಂಗಡಿಯಲ್ಲಿ ಕೂತು ಹಾಕಿದ ಬೀಗವೊಂದು ಮೊದಲ ಸಲ ನಿಲ್ಲಲಿದೆ. ಅಪ್ಪನಿಗೆ ಅಷ್ಟನ್ನಾದರೂ ತೋರಿಸಬೇಕು. ಆ ಗಡಿಬಿಡಿಯಲ್ಲಿ ಡಬ್ಬಿಗಳನ್ನು ಜೋಡಿಸಿದೆ. ಎಲ್ಲಾ ಮುಗಿದ ಮೇಲೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸೂಚನೆ ಬಂತು: ನಿಮ್ಮ ಕೀಲಿಕೈ ಸಿದ್ಧವಾಗಿದೆ, ಈಗಲೇ ಇಳಿಸಿಕೊಂಡು ಜೋಪಾನ ಮಾಡಿ, ಮತ್ತೆ ತೋರಿಸುವುದಿಲ್ಲ. ನಮ್ಮೂರಲ್ಲಿ ಹುಟ್ಟಿದವನು ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ಓದಿ, ಮೂಲೆಯ ಗುರುತು ಒತ್ತಿ ಮುಚ್ಚಿಬಿಟ್ಟೆ. ಕೀಲಿಕೈಯನ್ನು ಜೋಪಾನ ಮಾಡಿದವನನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹೇಗೂ ಲ್ಯಾಪ್‌ಟಾಪಿನಲ್ಲಿ ನಾನು ಒಳಗೇ ಇದ್ದೆನಲ್ಲ.

ಮರುದಿನ ನೀಲವ್ವನನ್ನು ಬೇರೆ ಕಂಪ್ಯೂಟರಿನ ಮುಂದೆ ಕೂರಿಸಿ, ಚಾಳಿನ ಬಾಗಿಲು ತಟ್ಟು ಎಂದೆ. ತಟ್ಟಿದಳು. 'ನಿಮಗೆ ಅನುಮತಿ ಇಲ್ಲ' ಎಂದು ಬಂತು. ನೀಲವ್ವ ಅದನ್ನು ಎರಡು ಸಲ ಓದಿದಳು. ಅವಳ ಮುಖ ಕೆಂಪಾಯಿತು.

"ಯಾರಂವಾ? ನನಗ ಇಲ್ಲ ಅನ್ನಾವ?"

"ಯಾರೂ ಅಲ್ಲ ನೀಲವ್ವ. ಬೀಗ ಹಾಕೇತಿ, ಅಷ್ಟ."

"ಬೀಗ ಹಾಕಿದ್ರ ಹಾಕಲಿ, ತೆಗ್ಯಾಕ ಏನ್ ಧಾಡಿ? ಈ ಊರಾಗ ನಾ ಕುಂಡ್ರದ ಕಟ್ಟಿ ಯಾವುದೈತಿ ಹೇಳ್ರಿ. ಒಬ್ಬರರ ಇವತ್ತಿಗೂ ನನಗ ಒಳಗ ಬರಬ್ಯಾಡ ಅಂದಾರೇನು?"

ದಾವಲಬಿ ಸಮಾಧಾನ ಮಾಡಲು ನೋಡಿದಳು. "ನೀ ಹೆಸರು ಹೇಳಿಲ್ಲಲ್ಲಬೇ, ಅದಕ್ಕ ಸಿಟ್ಟು ಬಂದಿರಬೇಕು." ನೀಲವ್ವ ತನ್ನ ಹೆಸರು, ಓಣಿ, ಬಂದ ಕೆಲಸ ಎಲ್ಲ ಬರೆದು ಮತ್ತೆ ತಟ್ಟಿದಳು. ಅನುಮತಿ ಇಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಮನೆಗೆ ಹೋದಳು. ಗುರುಸಿದ್ದ ತಟ್ಟಿದ, ಅವನಿಗೂ ಇಲ್ಲ. ಅವನು ಅವತ್ತು ಮಧ್ಯಾಹ್ನ ರೊಟ್ಟಿ ಬಿಚ್ಚಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಮುಚ್ಚಿದ್ದು ಮುಚ್ಚಿಯೇ ಇರುವ ಬಾಗಿಲು ಮುರಿಗೆಪ್ಪನ ಅಂಗಡಿಯಲ್ಲಿದೆಯಂತೆ ಎಂದು ಜನ ಮಕ್ಕಳು ಮರಿ ಕಟ್ಟಿಕೊಂಡು ಬಂದರು. ಒಬ್ಬೊಬ್ಬರೂ ಖುರ್ಚಿಯಲ್ಲಿ ಕೂತು, ತಟ್ಟಿ, ಇಲ್ಲ ಅನ್ನಿಸಿಕೊಂಡು ಎದ್ದರು. ಕೆಲವರಿಗೆ ಅವಮಾನ, ಕೆಲವರಿಗೆ ರೋಮಾಂಚ. ಊರಿನ ಅಧ್ಯಕ್ಷರೂ ಬಂದರು, ತಮ್ಮ ಹುದ್ದೆಯನ್ನೂ ಸೇರಿಸಿ ಬರೆದರು. ಅವರಿಗೂ ಇಲ್ಲ ಎಂದಾಗ ಹಿಂದೆ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಮುನಿಸಿಕೊಂಡು ಹೋಗಿದ್ದ ನೀಲವ್ವ ಈ ಸುದ್ದಿ ಕೇಳಿಯೇ ತರಗತಿಗೆ ವಾಪಸ್ಸು ಬಂದಳು.

ಜನ ಕರಗಿದ ಮೇಲೆ ಅಪ್ಪ ಬಂದ. ಖುರ್ಚಿಯಲ್ಲಿ ಕೂರಲಿಲ್ಲ. ಪರದೆಯನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಬೆನ್ನು ತಿರುಗಿಸಿ ನಿಂತ. ಆಮೇಲೆ ಗಕ್ಕನೆ ತಿರುಗಿ ನೋಡಿದ. ಬಾಗಿಲು ಮುಚ್ಚಿಯೇ ಇತ್ತು. ಮತ್ತೆ ಬೆನ್ನು ಹಾಕಿ, ಬಾಗಿಲ ತನಕ ನಡೆದು, ಹಣಕಿ ನೋಡಿದ. ಮುಚ್ಚಿಯೇ ಇತ್ತು.

"ನಿಂತೈತಲ್ಲೋ" ಎಂದ ಅಪ್ಪ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ನನಗೂ ಅಳು ಬಂತು. ಬಂದದ್ದನ್ನು ಬಂತು ಎನ್ನಲು ನಾಚಿಕೆಯೇನು? ಅವತ್ತು ಅಪ್ಪ ಊಟದ ನಡುವೆ ಎದ್ದು ಬಂದು, "ಇನ್ನೂ ಐತೇನು?" ಎಂದು ಕೇಳಿ ಹೋದ. ಆದರೆ ಹೋಗುವಾಗ ಅಂಗಡಿಯ ಮೊಳೆಗೆ ತೂಗುತ್ತಿದ್ದ ತಂತಿಗೊಂಚಲನ್ನು ಒಮ್ಮೆ ನೋಡಿ ಒಳಗೆ ನಡೆದ. ಒಂದು ಬೀಗ ನಿಂತಿತು ನಿಜ. ಗಿರಾಕಿ ಬಂದಿರಲಿಲ್ಲ.

ಇತ್ತ ನನ್ನ ತರಗತಿ ಮುಂದಕ್ಕೆ ಹೋಗಲೊಲ್ಲದು. ಸಂದು ಎಲ್ಲೆಲ್ಲಿರಬಹುದು, ಹೇಗೆ ಹುಡುಕಬೇಕು ಎಂದು ಕಲಿಸಿದೆ. ಮೂವರೂ ಚುರುಕಾಗಿ ಕಲಿತರು. ಆದರೆ ನುಗ್ಗಿರಿ ಎಂದರೆ ಯಾರೂ ನುಗ್ಗಲೊಲ್ಲರು.

"ಯಜಮಾನ್ರು ಹೂಂ ಅನ್ನದ ಹೆಂಗ್ ಹೋಗೂದ್ರಿ ಸರ?" ಎಂದ ಗುರುಸಿದ್ದ.

"ನಾನ ಯಜಮಾನ. ನಾನ ಹೇಳಾಕತ್ತೇನಿ, ಕಳ್ಳರಂಗ ನುಗ್ಗಿ ಬರ್ರಿ ಅಂತ."

"ನೀವು ಕರದ್ರ ಅದು ಕಳವು ಹೆಂಗಾತ್ರಿ? ಕರದ್ಮ್ಯಾಲ ಮುಂದಿನ ಬಾಗಿಲಿಂದ ಬರ್ತೇವಿ. ಹಿಂದಿನ ಸಂದ್ಯಾಗ ಯಾಕ ಹೊಗಬೇಕು?" ಎಂದಳು ದಾವಲಬಿ. ಮೂವರೂ ತಲೆಯಾಡಿಸಿದರು. ನಾನು ಡಸ್ಟರು ಎಸೆದೆ. ಯಾರಿಗೂ ತಗಲಲಿಲ್ಲ, ನನಗೆ ಗುರಿಯಿಲ್ಲ.

ಹೀಗಿರುವಾಗ ಮಂಡಳಿಯ ಇನಾಮದಾರ ಮೇಡಮ್ಮಿನ ಫೋನು ಬಂತು. ನಾಳೆ ಪರೀಕ್ಷೆಗೆ ಬರುತ್ತಾರಂತೆ. ಮೂವರೂ ಕ್ಲಸ್ಟರಿನೊಳಗೆ ನುಗ್ಗಿ ತೋರಿಸಬೇಕು, ಆಮೇಲೆ ಸಂದು ಮುಚ್ಚಿ ತೋರಿಸಬೇಕು. ಆಗದಿದ್ದರೆ ತರಗತಿ ಬಂದ್, ಸರ್ಟಿಫಿಕೇಟೂ ಇಲ್ಲ. ನೀಲವ್ವ ಕೇಳಿಸಿಕೊಂಡು ಮಂಡಿ ನೀವಿಕೊಂಡಳು. ಇರಲಿ, ಒಂದಿಷ್ಟು ಸುಲಭದ ಸಂದು ಮಾಡಿಡೋಣ ಎಂದು ನಾನು ಊಟ ಮುಗಿಸಿ ಬಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ಕರೆಂಟು ಹೋಗಿ, ಬ್ಯಾಟರಿ ಮುಗಿದು ಅದು ಮೊದಲ ಸಲ ಆರಿತ್ತು. ಕರೆಂಟು ಬಂದ ಮೇಲೆ ಮತ್ತೆ ಹಚ್ಚಿದೆ. ಚಾಳಿನ ಬಾಗಿಲಿಗೆ ಹೋದೆ. ಕೀಲಿಕೈ ತೋರಿಸಿ ಎಂದಿತು.

ನನ್ನಲ್ಲಿ ಕೀಲಿಕೈ ಎಲ್ಲಿದೆ? ಕೆಂಪು ಅಕ್ಷರ ನೆನಪಾಯಿತು. ಮೂಲೆಯ ಗುರುತು ಒತ್ತಿದ್ದು ನೆನಪಾಯಿತು. ಹೆಸರು ಬರೆದು ತಟ್ಟಿದೆ. ಅಪ್ಪನ ಹೆಸರು ಬರೆದು ತಟ್ಟಿದೆ. ಊರಿಗೆಲ್ಲ ಹೇಳಿದ್ದನ್ನೇ ನನಗೂ ಹೇಳಿತು. ನಾನೇ ಕಟ್ಟಿದ ಚಾಳು, ನನಗೇ ಅನುಮತಿ ಇಲ್ಲ! ಕಂಪನಿಯವರಿಗೆ ಬರೆದೆ. ಮಾಡು ಸೋರಿದರೆ ಹೇಳಿ, ನೋಡುತ್ತೇವೆ, ಒಳಗಿನ ಕೀಲಿಕೈ ನಿಮ್ಮ ಜವಾಬ್ದಾರಿ, ಆದರೂ ವಿಚಾರಿಸಿ ಮುಂದಿನ ವಾರ ತಿಳಿಸುತ್ತೇವೆ ಎಂಬ ಅರ್ಥದ ಉತ್ತರ ಬಂತು. ಜವಾಬ್ದಾರಿಯ ಪಾಠ ನಾನೇ ಮೂವರಿಗೆ ಮಾಡಿದ್ದೆನಲ್ಲ, ಅವರನ್ನು ಬೈಯಲೂ ಬಾಯಿಲ್ಲ. ಬೆವರು ಇಳಿಯತೊಡಗಿತು. ಎದ್ದು, ಮುಂಭಾಗದ ನಮ್ಮ ಅಂಗಡಿಗೆ ಓಡಿದೆ.

ಅಪ್ಪ ಗಾದಿಯ ಮೇಲೆ ಕೂತು ತಂತಿಗಳಿಗೆ ಎಣ್ಣೆ ಒರೆಸುತ್ತಿದ್ದ.

"ಅಪ್ಪಾ, ಎಡವಟ್ಟಾತು. ಕೀಲಿಕೈ ಕಳಕೊಂಡೇನಿ."

ಹೇಳಿದ ಮೇಲೆಯೇ ನನಗೆ ನಾನು ಏನು ಹೇಳಿದೆನೆಂದು ತಿಳಿದದ್ದು. ಅಪ್ಪನ ಕೈ ತಂತಿಯ ಮೇಲೇ ನಿಂತಿತು. ಅವನು ತಲೆಯೆತ್ತಲಿಲ್ಲ.

"ಏನಂದಿ?"

"ಕೀಲಿಕೈ ಕಳಕೊಂಡೇನಪಾ. ಒಳಗ ಹೋಗಾಕ ಬರವಲ್ದು."

"ಹಂಗಲ್ಲ," ಎಂದ ಅಪ್ಪ. ತಂತಿಗಳನ್ನು ಪಕ್ಕಕ್ಕಿಟ್ಟ. "ಹೊರಗ ಹೋಗು. ಪಾವಟಿಗಿ ಕೆಳಗ ನಿಂತು ಹೇಳು. ಕೀಲಿಕೈ ಕಳಕೊಂಡ ಗಿರಾಕೀನ ಗಾದಿ ತನಕ ಬಿಟ್ಟುಕೊಳ್ಳೂ ಪದ್ಧತಿಲ್ಲ."

"ಅಪ್ಪಾ, ನಾಳೆ ಮೇಡಂ ಬರ್ತಾರ—"

"ಹೊರಗ ನಡಿ ಅಂದೆ."

ಉರಿಬಿಸಿಲಿನಲ್ಲಿ ಬೀದಿಗೆ ಹೋಗಿ ನಿಂತೆ. ಒಳಗೆ ಪೆಟ್ಟಿಗೆ ತೆಗೆದ ಸದ್ದು. ಅಪ್ಪ ನನ್ನ ಮದುವೆಯಲ್ಲಿ ಹಾಕಿದ್ದ ಕೋಟು ಹಾಕಿಕೊಂಡ. ರುಮಾಲು ಸುತ್ತಿಕೊಂಡ. ಕನ್ನಡಿ ನೋಡಿಕೊಂಡ. ಆಮೇಲೆ ನಿಧಾನವಾಗಿ ಬಾಗಿಲಿಗೆ ಬಂದು, ನನ್ನನ್ನು ಹಿಂದೆಂದೂ ನೋಡಿಯೇ ಇಲ್ಲದವನ ಹಾಗೆ ನೋಡಿದ.

"ಬರ್ರಿ. ಏನಾಗಬೇಕಿತ್ರಿ?"

ಹುಟ್ಟಿದಾಗಿನಿಂದ ನನ್ನನ್ನು ಲೇ ಅಂದವನು. ನನ್ನ ಬಾಯಿಯಿಂದಲೂ ತಾನಾಗಿಯೇ ಬಹುವಚನ ಹೊರಟಿತು. "ಕೀಲಿಕೈ ಕಳಕೊಂಡೇನ್ರಿ. ಬಾಗಿಲಾ ತೆಗೆದು ಕೊಡ್ರಿ."

ಅಪ್ಪ ಕಣ್ಣು ಮುಚ್ಚಿಕೊಂಡ. ಇನ್ನೊಮ್ಮೆ ಹೇಳಲು ಹೇಳಿದ. ಹೇಳಿದೆ. ಆ ಹೊತ್ತಿಗೆ ಎದುರಿನವರು, ಪಕ್ಕದವರು, ನನ್ನ ಮೂವರು ವಿದ್ಯಾರ್ಥಿಗಳು ಎಲ್ಲ ಸುತ್ತ ನೆರೆದಿದ್ದರು.

"ಮನಿ ನಿಮ್ಮದ ಅನ್ನಾಕ ಸಾಕ್ಷಿ ಯಾರ್ರಿ?" ಎಂದ ಅಪ್ಪ. ಅಜ್ಜ ಕಲಿಸಿದ್ದೆಲ್ಲ ಅವನಿಗೆ ಅಕ್ಷರಶಃ ನೆನಪಿತ್ತು.

"ಅಪ್ಪಾ, ನಾನು ನಿನ್ನ ಮಗ!"

"ಅದು ಬ್ಯಾರೆ ಮಾತ್ರಿ. ಸಾಕ್ಷಿ ಇಲ್ಲದ ನಾ ತಂತಿ ಮುಟ್ಟಾಂವಲ್ಲ."

ನೀಲವ್ವ ಮಂಡಿ ಹಿಡಿದುಕೊಂಡು ಮುಂದೆ ಬಂದಳು. "ನಾ ಅದೀನ್ರಿ ಸಾಕ್ಷಿ. ಇಂವಾ ತೊಟ್ಟಿಲದಾಗಿದ್ದಾಗಿಂದ ಗುರ್ತು ಐತಿ. ಇಟ್ಟದ್ದು ಎಲ್ಲಿಟ್ಟೆ ಅಂತ ಒಂದಿನಾನೂ ನೆನಪಿದ್ದಾಂವಲ್ಲ. ಚಾಳು ಇವಂದ ಐತಿ. ಬ್ಯಾರೇದಾವ ಇಂಥಾ ಕೆಲಸ ಮಾಡೂದಿಲ್ಲ." ಜನ ನಕ್ಕರು. ಅಪ್ಪ ನಗಲಿಲ್ಲ.

"ಆತು. ಈಗ ಒಳಗ ಏನೇನು ಎಲ್ಲೆಲ್ಲಿ ಐತಿ ಹೇಳ್ರಿ. ಸ್ವಂತ ಮನಿ ಇದ್ದಾಂವಗ ಕಣ್ಣು ಮುಚ್ಚಿದರೂ ಗೊತ್ತಿರತೈತಿ."

ಬಿಸಿಲು ನೆತ್ತಿ ಸುಡುತ್ತಿತ್ತು. ಸಿಟ್ಟು ನುಂಗಿಕೊಂಡು ಹೇಳುತ್ತ ಹೋದೆ. ಮುಂದೆ ಒಂದು ಉತ್ತುತ್ತಿ ಮಾರುವ ಅಂಗಡಿಯ ಡಬ್ಬಿ, ಅಭ್ಯಾಸಕ್ಕೆ ಮಾಡಿದ್ದು, ಬೀದಿಯವರಿಗೂ ಕಾಣುತ್ತದೆ, ಆದರೆ ಅಲ್ಲಿಂದ ಒಳಗೆ ದಾರಿಯಿಲ್ಲ. ಅದರ ಹಿಂದೆ ಸಾಮಾನಿನ ಲೆಕ್ಕದ ಡಬ್ಬಿ, ಗಟ್ಟಿ ಮುಚ್ಚಳ. ಮೂಲೆಯಲ್ಲಿ ಕಸಗುಡಿಸುವ ಡಬ್ಬಿ, ಹಳೆಯ ಕಡತಗಳನ್ನು ತೆಗೆದು ಹಾಕುತ್ತದೆ.

"ಅದಕ್ಕ ಎಲ್ಲಾ ಖೋಲಿ ಒಳಗೂ ಹೋಗಾಕ ಬರತೈತೇನ್ರಿ?" ಎಂದ ಅಪ್ಪ. ಕಸಗುಡಿಸುವವರ ಬಗ್ಗೆಯೂ ಕೇಳಬೇಕೆಂದು ಅಜ್ಜ ಹೇಳಿದ್ದನೋ, ಸುಮ್ಮನೆ ಕೇಳಿದನೋ ಗೊತ್ತಿಲ್ಲ.

"ಹೂಂ. ಒಂದೊಂದಕ್ಕೂ ಅನುಮತಿ ಕೇಳಿ ಕೇಳಿ ತಲಿ ತಿನ್ನಾಕತ್ತಿತ್ತು. ಅದಕ್ಕ ಇಡೀ ಚಾಳಿನ ಹುಕುಮು ಅದರ ಕೈಯಾಗ ಕೊಟ್ಟು ಬಿಟ್ಟೆ."

ಹಿಂದಿನಿಂದ ದಾವಲಬಿ ಗಂಟಲು ಸರಿ ಮಾಡಿಕೊಂಡಳು. "ಸರ, ಅದು ಕೆಲಸ ಮಾಡಾಕತ್ತೈತೋ ಇಲ್ಲೋ ನೋಡಾಕ ಒಂದು ಪುಟ ಇಟ್ಟಿದ್ರಲ್ರಿ ನೀವು? ನೀವು ಬರದದ್ದನ್ನ ಅದು ಹಂಗ ಮಾಡಿ ತೋರಿಸ್ತಿತ್ತು."

"ಹೌದು."

"ಆ ಪುಟಕ್ಕ ಬೀಗ ಐತೇನ್ರಿ?"

ಇರಲಿಲ್ಲ. ಬೀದಿಯಲ್ಲಿ ಹೋಗುವ ಯಾರೇ ಆಗಲಿ ಆ ಪುಟವೆಂಬ ಕಿಟಕಿಯಲ್ಲಿ ಬಾಯಿಟ್ಟು ಏನು ಹೇಳಿದರೂ, ಇಡೀ ಚಾಳಿನ ಹುಕುಮು ಕೈಯಲ್ಲಿರುವ ಆ ಡಬ್ಬಿ ಮಾಡಿಬಿಡುತ್ತಿತ್ತು.

"ಇದನ್ನ ಬೇಕಂತನ ಬಿಟ್ಟಿದ್ದೇನ್ರಿ ಸರ?" ಎಂದು ಗುರುಸಿದ್ದ ಕೇಳಿದ.

"ಬೇಕಂತನ," ಎಂದೆ. ಮಾಸ್ತರನಾದವನು ಇನ್ನೇನು ಹೇಳಬೇಕು.

ಎಲ್ಲರೂ ಹಿಂದಿನ ಖೋಲಿಗೆ ನುಗ್ಗಿದರು. ನನಗೆ ಪ್ರವೇಶವಿರಲಿಲ್ಲ. ಕೆಲಸ ಮುಗಿಯುವ ತನಕ ಗಿರಾಕಿ ಹೊರಗೇ ನಿಲ್ಲಬೇಕಂತೆ. ಕಿಟಕಿಯ ಸರಳಿಗೆ ಮುಖವೊತ್ತಿ ನೋಡಿದೆ. ಮೂರು ವಾರ ನುಗ್ಗಿರಿ ಎಂದು ಬೇಡಿಕೊಂಡರೂ ಬೆರಳೆತ್ತದಿದ್ದವರು ಈಗ ಒಬ್ಬರನ್ನೊಬ್ಬರು ತಳ್ಳಿಕೊಂಡು ಬರೆಯುತ್ತಿದ್ದರು. ಯಜಮಾನನೇ ಹೊರಗೆ ಬಿಸಿಲಲ್ಲಿ ನಿಂತಿದ್ದಾನೆ, ಪಾಪ, ಇದು ಕಳವೇ? ಇದು ಉಪಕಾರ. ಮೊದಲು ಮೂವರೂ ತಮ್ಮ ಹೆಸರು ಬರೆದು, 'ಕೀಲಿಕೈ ಕಳಕೊಂಡ ನಮ್ಮ ಸರ್ ಅವರ ಪರವಾಗಿ ಬಂದೇವಿ' ಎಂದು ಬರೆದರು. ಆಮೇಲೆ ಕಸಗುಡಿಸುವ ಡಬ್ಬಿಯ ಕಿಟಕಿ ಹುಡುಕಿದರು. ದಾವಲಬಿ ಹೇಳಿದಳು, ಗುರುಸಿದ್ದ ಬರೆದ, ನೀಲವ್ವ ಒಂದೊಂದು ಅಕ್ಷರವನ್ನೂ ಕಾದಳು. ಹೊಸ ಕೀಲಿಕೈಯೊಂದನ್ನು ಮಾಡಿಕೊಡು ಎಂದು ಡಬ್ಬಿಗೆ ಹೇಳುವ ಸಾಲು ಸಿದ್ಧವಾಯಿತು. ಇನ್ನು ಎಂಟರ್ ಒತ್ತುವುದೊಂದೇ ಬಾಕಿ.

"ನಿಲ್ರಿ," ಎಂದ ಅಪ್ಪ. ಗೊಂಚಲಿನಿಂದ ತುದಿ ಬಾಗಿದ ಒಂದು ತಂತಿಯನ್ನು ಬಿಡಿಸಿದ. ಕೋಟಿನ ತೋಳು ಮೇಲೇರಿಸಿ, ಉಸಿರು ಹಿಡಿದು, ತಂತಿಯ ತುದಿಯಿಂದ ಎಂಟರ್ ಒತ್ತಿದ.

ಬಾಗಿಲು ತೆರೆಯಿತು. ಎಲ್ಲರೂ ಹೋ ಎಂದು ಕೂಗಿದರು. ಅಪ್ಪ ಮಾತ್ರ ಕಿವಿ ಪರದೆಯ ಹತ್ತಿರ ಒಯ್ದು, ಕೊಂಚ ಮುಖ ಸಣ್ಣ ಮಾಡಿ, "ಸಪ್ಪಳ ಬರಲಿಲ್ಲಲ್ಲೋ" ಎಂದ. ಪಕ್ಕದಲ್ಲಿದ್ದ ನೀಲವ್ವ ನಾಲಿಗೆಯನ್ನು ಅಂಗುಳಿಗೆ ಹಚ್ಚಿ, ಟಕ್ ಎಂದಳು. ಅಪ್ಪನ ಮುಖ ಅರಳಿತು. ಆಗ ನನ್ನನ್ನು ಒಳಗೆ ಕರೆದರು. "ತಗೋರಿ, ನಿಮ್ಮ ಮನಿ ನಿಮಗ" ಎಂದು ಅಪ್ಪ ಖುರ್ಚಿ ತೋರಿಸಿದ. ಹೊಸ ಕೀಲಿಕೈಯನ್ನು ಪೆನ್‌ಡ್ರೈವಿನಲ್ಲಿ ಇಳಿಸಿಕೊಂಡು, ಕೆಂಪು ಲಾಡಿ ಕಟ್ಟಿ, ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದೆ.

ಮರುದಿನ ಇನಾಮದಾರ ಮೇಡಂ ಬಂದರು. ನಾಕಾದಲ್ಲಿ ಅವರ ಬ್ಯಾಗು ಬಾಯಿ ಬಿಟ್ಟಿದ್ದರಿಂದ ಅದನ್ನು ಕೂಸಿನ ಹಾಗೆ ಅಪ್ಪಿಕೊಂಡೇ ಇಳಿದರು. ನುಗ್ಗಿ ತೋರಿಸಿ ಎಂದರು. ಮೂವರೂ ಕೈಕಟ್ಟಿ ನಿಂತರು. "ಮೊದಲ ಸರ್ ಹೊರಗ ಹೋಗಲಿ ರೀ" ಎಂದಳು ದಾವಲಬಿ. ನಾನು ಬೀದಿಗಿಳಿದು, ಕೀಲಿಕೈ ಕಳೆದುಹೋಗಿದೆ ಎಂದು ಜೋರಾಗಿ ಕೂಗಿದೆ. ಆಮೇಲೆ ಅವರು ನುಗ್ಗಿದ ಚುರುಕು ನೋಡಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರಂತೆ. ಸಂದು ಮುಚ್ಚಿದ್ದನ್ನೂ ನೋಡಿ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಒಳನುಗ್ಗುವ ಮೊದಲು ಹೆಸರು ಬರೆಯುವ ಅಗತ್ಯವಿಲ್ಲ ಎಂದು ಬುದ್ಧಿ ಹೇಳಿದರು. ಮೂವರೂ ಮರ್ಯಾದೆಗೆ ಹೂಂ ಅಂದರು, ಇವತ್ತಿಗೂ ಬರೆಯುತ್ತಾರೆ. ನೀಲವ್ವನಿಗೆ ಮಂಡಳಿಯ ಕಂಪ್ಯೂಟರುಗಳನ್ನು ಮನೆಯಿಂದಲೇ ಕಾಯುವ ಕೆಲಸ ಸಿಕ್ಕಿತು. ಅವರು ಕಳಿಸಿದ ಖುರ್ಚಿಗೆ ಗಾಲಿಗಳಿದ್ದವು. ಕಾಯುವವರು ಉರುಳಾಡಬಾರದೆಂದು ಅವಳು ಅದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿದ್ದಾಳೆ.

ಅಪ್ಪ ಆ ವಾರವೆಲ್ಲ ಕೋಟು ಬಿಚ್ಚಲಿಲ್ಲ. ಬಂದವರಿಗೆಲ್ಲ ಕಥೆ ಹೇಳಿದ, ಗಿರಾಕಿ ಹೇಗೆ ಬೆವರಿದ್ದ ಎಂದು ತೋರಿಸಿದ. ಆಮೇಲೆ ಕೋಟು ಪೆಟ್ಟಿಗೆ ಸೇರಿತು. ಮೊದಲಿನ ಹಾಗೆ ದಿನಾ ತಂತಿಗಳಿಗೆ ಎಣ್ಣೆ ಒರೆಸುತ್ತಿದ್ದ. ಆದರೆ ಒರೆಸುತ್ತ ಒರೆಸುತ್ತ ಬೀದಿಯ ಕಡೆ ನೋಡುವುದು ಹೆಚ್ಚಾಯಿತು. ಮೊದಲು ಯಾರೂ ಬರುವುದಿಲ್ಲವೆಂದು ಗೊತ್ತಿತ್ತು. ಈಗ ಒಬ್ಬ ಬಂದು ಹೋಗಿದ್ದನಲ್ಲ, ಕಾಯುವ ಚಟ ಹತ್ತಿತ್ತು. ಊಟ ಕಡಿಮೆಯಾಯಿತು. ಒಂದು ದಿನ ನನ್ನ ಹತ್ತಿರ ಬಂದು ಅದೂ ಇದೂ ಮಾತಾಡಿ, ಕೊನೆಗೆ, "ಆ ಕೀಲಿಕೈ ಬರೋಬ್ಬರಿ ಐತಿಲ್ಲೋ?" ಎಂದ. ಐತಿ ಎಂದೆ. "ಚಲೋ ಆತು," ಎಂದು ಹೇಳಿ, ಚಲೋ ಆದವನ ಹಾಗೆ ಕಾಣದೆ ಹೋದ.

ಅವತ್ತು ಮಧ್ಯಾಹ್ನ ನಾನು ಕ್ಲಸ್ಟರಿನೊಳಗೆ ಹೋಗಿ ಕೂತೆ. ಕಸಗುಡಿಸುವ ಡಬ್ಬಿಯ ಕಿಟಕಿ ಭದ್ರವಾಗಿ ಮುಚ್ಚಿತ್ತು. ಇನ್ನೊಂದು ಮೂಲೆಯಲ್ಲಿ ಹೊಸದೊಂದು ಸಂದು ಬಿಟ್ಟೆ. ಈ ಸಲ ನಿಜಕ್ಕೂ ಬೇಕಂತಲೇ. ಆಮೇಲೆ ಹೊರಗೆ ಬಂದು, ಅಂಗಡಿಯನ್ನು ಬಳಸಿಕೊಂಡು ಬೀದಿಗೆ ಹೋಗಿ, ಪಾವಟಿಗೆಯ ಕೆಳಗೆ ಬಿಸಿಲಿನಲ್ಲಿ ನಿಂತೆ.

"ಯಾರದೀರಿ ಒಳಗ? ನಾ ಕಲ್ಲಪ್ಪ ರೀ. ಕೀಲಿಕೈ ಕಳಕೊಂಡೇನಿ, ಬಾಗಿಲಾ ತೆಗೆದು ಕೊಡ್ರಿ."

ಅಪ್ಪ ಗಾದಿಯಿಂದ ತಲೆಯೆತ್ತಿದ. ನನ್ನ ಮುಖ ನೋಡಿದ. ಆಮೇಲೆ ನನ್ನ ಅಂಗಿಯ ಜೇಬು ನೋಡಿದ. ಕೆಂಪು ಲಾಡಿಯ ತುದಿ ಹೊರಗೆ ಇಣುಕುತ್ತಿತ್ತು. ನಾನು ಅದರ ಮೇಲೆ ಅಂಗೈ ಇಟ್ಟುಕೊಂಡೆ. ಅಪ್ಪ ಎದ್ದು ಪೆಟ್ಟಿಗೆ ತೆಗೆದು ಕೋಟು ಹಾಕಿಕೊಂಡ, ಒಂದೊಂದೇ ಗುಂಡಿ ಹಾಕಿದ, ರುಮಾಲು ಸುತ್ತಿ ಬಾಗಿಲಿಗೆ ಬಂದು ನಿಂತ.

"ಸಾಕ್ಷಿ ಯಾರ್ರಿ?" ಎಂದ.